ಗೇಟು ಹಾಕುವವರು ಯಾರು?



ಕಳೆದ ಚಳಿಗಾಲದಲ್ಲಿ ಮೂರು ತಿಂಗಳು ನಾನು ಜರ್ಮನಿಯಲ್ಲಿ ಮಗನ ಮನೆಯಲ್ಲಿದ್ದೆ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಪುಟ್ಟ ಊರು. ಹೊರಗೆ ಕಾಲಿಟ್ಟರೆ ಮೂಗು ಮರಗಟ್ಟುವ ಚಳಿ. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಮಧ್ಯಾಹ್ನ ಶಾಲೆಯಿಂದ ಬರುವ ಒಂಬತ್ತು ವರ್ಷದ ಮೊಮ್ಮಗ ಮತ್ತು ನಾನು, ಮನೆಯಲ್ಲಿ ಇಬ್ಬರೇ. ನಮ್ಮಿಬ್ಬರಿಗೂ ಕೈತುಂಬ ಕೆಲಸ ಕೊಟ್ಟಿದ್ದು ಅವನ ಕೋಣೆಯಲ್ಲಿದ್ದ ರೈಲು.

ಇದು ಕೀಲಿ ಕೊಟ್ಟು ನೆಲದ ಮೇಲೆ ಬಿಡುವ ರೈಲಲ್ಲ. ಮಾದರಿ ರೈಲು. ನಿಜವಾದ ರೈಲನ್ನು ಅಳತೆ ತಪ್ಪದಂತೆ ಕುಗ್ಗಿಸಿ ಮಾಡಿದ್ದು. ಎಚ್‌ಓ ಎಂಬ ಅಳತೆಯಲ್ಲಿ ನಿಜದ 87 ಸೆಂಟಿಮೀಟರ್ ಇಲ್ಲಿ ಒಂದೇ ಸೆಂಟಿಮೀಟರ್ ಆಗುತ್ತದೆ. ಐದೂವರೆ ಅಡಿಯ ನಾನು ಆ ಊರಿನ ಪ್ಲಾಟ್‌ಫಾರಂ ಮೇಲೆ ನಿಂತರೆ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ! ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ದೊಡ್ಡದೊಂದು ಹಲಗೆಯ ಮೇಲೆ ಸ್ಟೇಷನ್ನು, ಗುಡ್ಡ, ಸುರಂಗ, ಹಳಿಯನ್ನು ದಾಟುವ ಒಂದು ರಸ್ತೆ. ರಸ್ತೆಗೆ ಎರಡು ತೋಳಿನ ಪ್ಲಾಸ್ಟಿಕ್ ಗೇಟು.

ಮೊಮ್ಮಗ ಡ್ರೈವರ್, ನಾನು ಗೇಟ್‌ಮನ್. ರೈಲು ಸುರಂಗದಿಂದ ಹೊರಬಂದ ಕೂಡಲೇ ಅವನು “ಅಜ್ಜಾ, ಗೇಟ್!” ಎಂದು ಕೂಗಬೇಕು. ನಾನು ಬೆರಳಿನಿಂದ ಎರಡೂ ತೋಳು ಇಳಿಸಬೇಕು. ತಡವಾದರೆ ಬೈಗುಳ. ನಲವತ್ತು ವರ್ಷದ ನೌಕರಿಯಲ್ಲಿ ಯಾರಿಂದಲೂ ಕೇಳದ ಮಾತನ್ನೆಲ್ಲ ಆ ಮೂರು ತಿಂಗಳಲ್ಲಿ ಕೇಳಿದೆ.

ಒಂದು ಶನಿವಾರ ಆಟಿಕೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಮೋಟಾರಿನ ಗೇಟು ಕಣ್ಣಿಗೆ ಬಿತ್ತು. ರೈಲು ಹತ್ತಿರ ಬಂದರೆ ಅದು ತಾನಾಗಿಯೇ ಇಳಿಯುತ್ತದೆ, ಕೆಂಪು ದೀಪ ಮಿಣುಕುತ್ತದೆ, ಗಂಟೆ ಬಾರಿಸುತ್ತದೆ. ಬೆಲೆ ನೂರು ಯೂರೋ ದಾಟಿತ್ತು. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಹೆಚ್ಚು! ಮೊಮ್ಮಗನ ಹುಂಡಿಯಲ್ಲಿ ಇದ್ದದ್ದು ಎಪ್ಪತ್ತು ಯೂರೋ. “ಉಳಿದದ್ದು ನೀನು ಹಾಕ್ತೀಯಾ ಅಜ್ಜಾ?” ಎಂದ.

ಪಿಂಚಣಿದಾರನ ಬಾಯಿಂದ ಉತ್ತರ ಥಟ್ಟನೆ ಬಂತು. “ಅಷ್ಟು ದುಡ್ಡು ಯಾಕೆ? ಗೇಟು ಹಾಕೋಕೆ ನಾನಿಲ್ವಾ?”

ಅವನು ಸುಮ್ಮನಾದ. ರಾತ್ರಿ ಮಲಗುವ ಹೊತ್ತಿಗೆ ಮೆಲ್ಲಗೆ ಕೇಳಿದ. “ಫೆಬ್ರವರಿಯಲ್ಲಿ ನೀನು ಊರಿಗೆ ಹೋಗ್ತೀಯಲ್ಲ, ಆಮೇಲೆ ಯಾರು ಹಾಕ್ತಾರೆ?”

ನನಗೆ ಮಾತೇ ಹೊರಡಲಿಲ್ಲ. ಅವನು ಕೇಳಿದ್ದು ಮೋಟಾರನ್ನಲ್ಲ ಎಂದು ಆಗ ತಿಳಿಯಿತು. ಹಾಗಾಗಿ ‘ದುಬಾರಿ’ ಎಂಬ ಒಂದೇ ಮಾತಿನಲ್ಲಿ ಮುಗಿಸದೆ, ಇಬ್ಬರೂ ಕೂತು ಸರಿಯಾಗಿ ಲೆಕ್ಕ ಹಾಕೋಣ ಎಂದು ತೀರ್ಮಾನಿಸಿದೆವು.

ಮೊದಲು ರೈಲು ಹತ್ತಿ ಗೋಪಿಂಗನ್‌ಗೆ ಹೋದೆವು. ಮಾದರಿ ರೈಲಿಗೆ ಹೆಸರಾದ ಮಾರ್ಕ್ಲಿನ್ ಕಂಪನಿಯ ಊರು ಅದು. ಕಂಪನಿ 1859ರಲ್ಲಿ ಶುರುವಾದಾಗ ಅಲ್ಲಿ ಮಾಡುತ್ತಿದ್ದದ್ದು ರೈಲಲ್ಲ, ಗೊಂಬೆಮನೆಯ ತಗಡಿನ ಪಾತ್ರೆ ಪಗಡೆ! ಗೊಂಬೆಮನೆ ಇರುವ ಮಗು ಇಂದು ಒಲೆ, ನಾಳೆ ಬೋಗುಣಿ, ನಾಡಿದ್ದು ಸೌಟು ಎಂದು ಕೇಳುತ್ತಲೇ ಇರುತ್ತದೆ ತಾನೆ? 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅವರು ಎಂಟರ ಆಕಾರದ ಹಳಿಯ ಮೇಲೆ ಓಡುವ ಕೀಲಿ ರೈಲನ್ನು ಇಟ್ಟರು. ಅದನ್ನೂ ಗೊಂಬೆಮನೆಯ ಹಾಗೆಯೇ ಬೆಳೆಸುತ್ತ ಹೋಗಬಹುದಿತ್ತು. ಇನ್ನಷ್ಟು ಹಳಿ, ಸ್ಟೇಷನ್ನು, ಸಿಗ್ನಲ್ಲು. ಅಂದರೆ ಮಕ್ಕಳೇ, ‘ಇನ್ನೊಂದು ಬೇಕು’ ಎಂಬ ಆಸೆ ರೈಲಿನ ಜೊತೆಯಲ್ಲೇ ಹುಟ್ಟಿದೆ. ಅದು ಮೋಸವಲ್ಲ. ಆದರೆ ಅಂಗಡಿಗೆ ಹೋಗುವಾಗ ಈ ಸಂಗತಿ ನೆನಪಿರಲಿ.

ಇನ್ನೊಂದು ಉದಾಹರಣೆ. ಅದೇ ದೇಶದ ಹ್ಯಾಂಬರ್ಗ್ ನಗರದಲ್ಲಿ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಪ್ರದರ್ಶನವಿದೆ. 2001ರಲ್ಲಿ ತೆರೆದದ್ದು. ಸಾವಿರಕ್ಕೂ ಹೆಚ್ಚು ಪುಟ್ಟ ರೈಲುಗಳನ್ನು ಕಂಪ್ಯೂಟರ್ ನಡೆಸುತ್ತದೆ, ರಸ್ತೆಯಲ್ಲಿ ಕಾರುಗಳು ಓಡುತ್ತವೆ, ವಿಮಾನ ಕೂಡ ಮೇಲೇಳುತ್ತದೆ. ಇಷ್ಟೆಲ್ಲ ತಾನೇ ನಡೆಯುತ್ತಿದ್ದರೂ ಅಲ್ಲಿ ನೋಡಲು ಬಂದವರಿಗಾಗಿ ಇನ್ನೂರಕ್ಕೂ ಹೆಚ್ಚು ಗುಂಡಿಗಳಿವೆ. ಒಂದನ್ನು ಒತ್ತಿದರೆ ಪುಟಾಣಿ ಕಾರ್ಖಾನೆ ನಿಜವಾದ ಚಾಕೊಲೇಟ್ ಕೊಡುತ್ತದೆ! ಯಾಕೆ ಹೀಗೆ? ಬರೀ ನೋಡುವುದರಿಂದ ಮನಸ್ಸು ತುಂಬುವುದಿಲ್ಲ, ಕೈಗೂ ಏನಾದರೂ ಕೆಲಸ ಬೇಕು.

ಮನೆಗೆ ಬಂದು ನೋಟ್ ಪುಸ್ತಕದಲ್ಲಿ ಮೂರು ಪ್ರಶ್ನೆ ಬರೆದೆವು.

ಒಂದು: ಅಲ್ಲಿಗೆ ಕೈ ಎಟುಕುತ್ತದೆಯೇ?
ಎರಡು: ಹತ್ತನೇ ಸಲವೂ ನೋಡಬೇಕು ಅನಿಸುತ್ತದೆಯೇ?
ಮೂರು: ಅದು ಬಂದರೆ ನನ್ನ ಆಟ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ಮೋಟಾರಿನ ಗಾಳಿಯಂತ್ರ ಎರಡನೇ ಪ್ರಶ್ನೆಯಲ್ಲೇ ಬಿದ್ದುಹೋಯಿತು. ಅದು ತಿರುಗುತ್ತದೆ, ಅಷ್ಟೇ. ಸುರಂಗದ ಹಿಂದಿನ ಪಾಯಿಂಟ್ ಮಾತ್ರ ಗೆದ್ದಿತು. ಪಾಯಿಂಟ್ ಎಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ. ಅದನ್ನು ಬದಲಿಸಲು ಹಲಗೆಯ ಮೇಲೆ ಮೈಚಾಚಿ ಬಗ್ಗಬೇಕು. ಪ್ರತಿ ಸಲವೂ ಅವನ ತೋಳು ತಗುಲಿ ಎರಡು ಮರ, ಒಂದು ಕಂಬ ಉರುಳುತ್ತಿದ್ದವು. ಅಲ್ಲಿ ಮೋಟಾರು ಬೇಕೇ ಬೇಕು.

ಹಳೇ ಸಾಮಾನಿನ ಸಂತೆಯಲ್ಲಿ ಪಾಯಿಂಟ್ ತಿರುಗಿಸುವ ಎರಡು ಯಂತ್ರ ಹದಿನಾರು ಯೂರೋಗೆ ಸಿಕ್ಕವು. ಮೋಟಾರ್ ಎಂದು ಕರೆದರೂ ಒಳಗಿರುವುದು ತಂತಿಯ ಎರಡು ಸುರುಳಿ. ವಿದ್ಯುತ್ ಹರಿದರೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ಕಡ್ಡಿಯನ್ನು ಎಳೆಯುತ್ತದೆ, ಹಳಿ ‘ಟಕ್’ ಎಂದು ಸರಿಯುತ್ತದೆ. ಕ್ಷಣಮಾತ್ರ ವಿದ್ಯುತ್ ಸಾಕು. ಹೆಚ್ಚು ಹೊತ್ತು ಒತ್ತಿದರೆ ಸುರುಳಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಇದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಎರಡು ಕೊಂಡದ್ದು ಒಳ್ಳೆಯದೇ ಆಯಿತು. ಕೋಣೆಯಲ್ಲಿ ಸುಟ್ಟ ವಾಸನೆ ಹೋಗಲು ಕಿಟಕಿ ತೆರೆದು ಚಳಿಯಲ್ಲಿ ನಡುಗಿದೆವು.

ಉಳಿದದ್ದು ಗೇಟು. ನಮ್ಮ ಕಡೆಯ ಹಳೆಯ ಲೆವೆಲ್ ಕ್ರಾಸಿಂಗ್ ಹೇಗೆ ನಡೆಯುತ್ತಿತ್ತೆಂದು ಅವನಿಗೆ ವಿವರಿಸಿದೆ. ಸ್ಟೇಷನ್ ಮಾಸ್ತರರಿಂದ ಫೋನ್ ಬರುತ್ತದೆ. ಗೇಟ್‌ಮನ್ ಕೈಯಿಂದ ಚಕ್ರ ತಿರುಗಿಸಿ ಗೇಟು ಇಳಿಸುತ್ತಾನೆ. ಸಿಗ್ನಲ್ಲಿಗೂ ಗೇಟಿಗೂ ಜೋಡಣೆ ಇರುವ ಕಡೆ, ಗೇಟು ಮುಚ್ಚಿ ಬೀಗ ಬೀಳುವ ತನಕ ರೈಲಿಗೆ ಸಿಗ್ನಲ್ ಕೊಡಲು ಆಗುವುದೇ ಇಲ್ಲ. ಇದಕ್ಕೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಮನುಷ್ಯ ಮರೆತರೂ ಅವಘಡ ಆಗದಂತೆ ಕಟ್ಟಿದ ವ್ಯವಸ್ಥೆ. ಅವನ ಕಣ್ಣು ಅರಳಿತು. “ನಾವೂ ಅದನ್ನೇ ಮಾಡೋಣ!”

ಗೇಟಿನ ತೋಳುಗಳಿಗೆ ದಾರ ಕಟ್ಟಿ, ಹಲಗೆಗೆ ತೂತು ಕೊರೆದು ಕೆಳಗಿನಿಂದ ಎಳೆದು ತಂದೆವು. ಡ್ರೈವರ್ ಕೂರುವ ಜಾಗದ ಎಡಕ್ಕೆ ಐಸ್‌ಕ್ರೀಂ ಕಡ್ಡಿಯದೊಂದು ಸನ್ನೆ. ಗೇಟಿನ ಮುಂದಿನ ಒಂದಡಿ ಹಳಿಗೆ ಹೋಗುವ ವಿದ್ಯುತ್ತನ್ನು ಬೇರ್ಪಡಿಸಿ ಆ ಸನ್ನೆಯ ಮೂಲಕ ಹಾಯಿಸಿದೆವು. ಸನ್ನೆ ಎಳೆದರೆ ಗೇಟು ಇಳಿಯುತ್ತದೆ, ಆಗಲೇ ಎರಡು ಪೇಪರ್ ಕ್ಲಿಪ್ ಒಂದಕ್ಕೊಂದು ತಾಗುತ್ತವೆ, ಹಳಿಗೆ ವಿದ್ಯುತ್ ಬರುತ್ತದೆ. ಎಳೆಯಲು ಮರೆತರೆ ರೈಲು ಗೇಟಿನ ಮುಂದೆ ತಾನೇ ನಿಲ್ಲುತ್ತದೆ. ಖರ್ಚು ಮೂರು ಯೂರೋ, ಹಿಡಿದದ್ದು ನಾಲ್ಕು ಸಂಜೆ. ಈಗ ಬಲಗೈ ಡ್ರೈವರ್, ಎಡಗೈ ಗೇಟ್‌ಮನ್.

ನಿಮಗೆ ಮೋಟಾರೇ ಬೇಕೆಂದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಒಂಬತ್ತು ಗ್ರಾಂ ತೂಕದ ಪುಟ್ಟ ಸರ್ವೋ ಮೋಟಾರು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೆ ಆಜ್ಞೆ ಕೊಡಲು ಬೇರೊಂದು ಸಣ್ಣ ಸರ್ಕ್ಯೂಟ್ ಬೇಕು. ಶಾಲೆಯ ವಿಜ್ಞಾನ ಮೇಷ್ಟ್ರನ್ನು ಕೇಳಿ. ಕೊಂಡ ಗೇಟಿಗಿಂತ ಕಟ್ಟಿದ ಗೇಟು ಹೆಚ್ಚು ಕಲಿಸುತ್ತದೆ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ದುಬಾರಿ ಮೋಟಾರು ಯಾವತ್ತೂ ದಂಡ ಎಂದು ನಾನು ಹೇಳುವುದಿಲ್ಲ. ಕೈ ಸರಿಯಾಗಿ ಆಡದ ಮಗುವಿಗೆ, ಬೆರಳು ನಡುಗುವ ನಮ್ಮಂಥವರಿಗೆ ಅದು ಶೋಕಿಯಲ್ಲ, ಕನ್ನಡಕವಿದ್ದ ಹಾಗೆ. ಆದರೆ ದೂರದಲ್ಲಿರುವ ನಾವು, ಹತ್ತಿರ ಇಲ್ಲವಲ್ಲ ಎಂಬ ಸಂಕಟಕ್ಕೆ ದೊಡ್ಡ ಪೆಟ್ಟಿಗೆ ಕೊಡಿಸಿಬಿಡುತ್ತೇವೆ. ಆ ದಿನ ಅಂಗಡಿಯಲ್ಲಿ ಇಲ್ಲ ಎಂದ ನಾನೇ, ಆ ರಾತ್ರಿಯ ಪ್ರಶ್ನೆ ಕೇಳಿದ ಮೇಲೆ ಎರಡು ಸಲ ಪರ್ಸು ತೆರೆದು ನೋಡಿಕೊಂಡಿದ್ದೆ. ಕೊಡಿಸಿದ್ದರೆ ಅವನು ಕುಣಿಯುತ್ತಿದ್ದ, ನಿಜ. ಆ ನಾಲ್ಕು ಸಂಜೆ ಮಾತ್ರ ಇಬ್ಬರಿಗೂ ಸಿಗುತ್ತಿರಲಿಲ್ಲ.

ಮೊಮ್ಮಗ ಪೂರ್ತಿ ಒಪ್ಪಿದ್ದಾನೆ ಎಂದುಕೊಳ್ಳಬೇಡಿ. ಉಳಿದ ದುಡ್ಡು ಹುಂಡಿಯಲ್ಲೇ ಇದೆ. “ಗಂಟೆ ಬಾರಿಸೋ ಗೇಟು ಹತ್ತು ವರ್ಷ ಆದ ಮೇಲೆ ತಗೋತೀನಿ” ಎಂದಿದ್ದಾನೆ. ತೆಗೆದುಕೊಳ್ಳಲಿ. ಆಗ ಯಾಕೆ ಬೇಕೆಂದು ಅವನಿಗೇ ಗೊತ್ತಿರುತ್ತದೆ.

ಈಗ ನಾನು ಊರಿನಲ್ಲಿದ್ದೇನೆ. ಭಾನುವಾರ ವೀಡಿಯೊ ಕರೆ ಬರುತ್ತದೆ. ಫೋನನ್ನು ಹಳಿಯ ಪಕ್ಕದಲ್ಲಿ ಇಟ್ಟು ರೈಲು ಬಿಡುತ್ತಾನೆ. ಕಳೆದ ವಾರ ಸುರಂಗದಿಂದ ರೈಲು ಹೊರಬಂದಾಗ “ಗೇಟ್!” ಎಂದು ಕೂಗಿದ. ಗೇಟು ಇಳಿಯಲಿಲ್ಲ, ರೈಲು ಗಕ್ಕನೆ ನಿಂತಿತು. ಆಮೇಲೆ ಸನ್ನೆ ಎಳೆದ ಕೈ ನೋಡಿದೆ, ಅದು ಅವನದಲ್ಲ.

“ನನ್ನ ಕ್ಲಾಸಿನವನು ಅಜ್ಜಾ,” ಎಂದ. “ಹೊಸಬ. ನಿನಗಿಂತ ನಿಧಾನ.”

ನಿಮ್ಮ ಮನೆಯಲ್ಲಿ ಕೊಂಡ ಆಟಿಕೆ, ಕಟ್ಟಿದ ಆಟಿಕೆ ಎರಡೂ ಇದ್ದರೆ, ಯಾವುದು ಹೆಚ್ಚು ದಿನ ಆಟಕ್ಕೆ ಬಂತು ಎಂದು ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.