ಬಾಗಿಲಲ್ಲಿ ನಿಂತ ಪಂಡಿತ

ಮುಂಡಗೋಡ ತಾಲೂಕಿನ ಪಾಳಾದಿಂದ ಬಂದು ನಮ್ಮ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವ ಉದ್ಯೋಗದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದ. "ನಿಮ್ಮ ಕೆಂಪು ಮಸಿ ನನ್ನನ್ನ ಬೆಂಗ್ಳೂರಿನ್ಯಾಗೂ ಬಿಡ್ಲಿಲ್ರಿ ಸರ್" ಎಂದು ನಕ್ಕ.

ಸಂಗತಿ ಇಷ್ಟು. ಅವರ ಕಚೇರಿಯಲ್ಲಿ ಒಂದೇ ಪ್ರೋಗ್ರಾಮನ್ನು ಹಲವರು ಕೂಡಿ ಬರೆಯುತ್ತಾರೆ. ಯಾರು, ಎಂದು, ಯಾವ ಸಾಲನ್ನು ತಿದ್ದಿದರೆಂಬ ಲೆಕ್ಕವನ್ನೆಲ್ಲ 'ಗಿಟ್' ಎಂಬ ವ್ಯವಸ್ಥೆ ಇಟ್ಟುಕೊಳ್ಳುತ್ತದೆ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ್ದು. ಸಾಲಿನ ಮೊದಲಿಗೆ ಒಬ್ಬ ನಾಲ್ಕು ತೆರಪು ಬಿಡುತ್ತಾನೆ, ಇನ್ನೊಬ್ಬ ಟ್ಯಾಬ್ ಒತ್ತುತ್ತಾನೆ. ಪೈಥಾನ್ ಭಾಷೆಯವರ 2001ರ ನಿಯಮಾವಳಿ ನಾಲ್ಕು ತೆರಪು ಎಂದರೆ, ಲಿನಕ್ಸ್ ಕರ್ನೆಲ್ ಬರೆಯುವವರದು ಎಂಟು ಅಕ್ಷರದಗಲದ ಟ್ಯಾಬು. ಅತ್ತೆ ಸೊಸೆಯರ ವಾದದಂತೆ ಇದಕ್ಕೂ ಕೊನೆಯಿಲ್ಲ! ಆದರೆ ಒಂದೇ ಕಡತದಲ್ಲಿ ಎರಡೂ ಸೇರಿದರೆ ಅನರ್ಥ. ಮಹನೀಯರೊಬ್ಬರು ಎರಡು ಸಾಲು ತಿದ್ದಲು ಕುಳಿತು, ಅಂದಕ್ಕೆಂದು ಕಡತವನ್ನೆಲ್ಲ ತಮ್ಮ ರೂಢಿಗೆ ಹೊಂದಿಸಿದರಂತೆ. ಗಿಟ್‌ನ ಕಣ್ಣಿಗೆ ಬಹುತೇಕ ಎಲ್ಲ ಸಾಲೂ ಬದಲಾಗಿತ್ತು. ಆ ಎರಡು ಸಾಲಿನೊಳಗಿನ ನಿಜವಾದ ತಪ್ಪು ಈ ಜಾತ್ರೆಯಲ್ಲಿ ಯಾರಿಗೂ ಕಾಣಲಿಲ್ಲ. ಅಂದಿನಿಂದ ಹಿರಿಯರೊಬ್ಬರು ಕಿರಿಯರ ತೆರಪುಗಳನ್ನು ಎಣಿಸಿ ಎಲ್ಲರೆದುರು ಛೀಮಾರಿ ಹಾಕಲಾರಂಭಿಸಿದರು. ನಮ್ಮ ಹುಡುಗ ಕೆಲಸ ಬಿಡುವ ಮನಸ್ಸು ಮಾಡಿದ್ದು ಆಗಲೇ.

ಕೊನೆಗೆ ಆ ಕಾವಲನ್ನು ಯಂತ್ರಕ್ಕೇ ಒಪ್ಪಿಸಿದರು. ಇದಕ್ಕೆ 'ಹುಕ್' ಎಂದು ಹೆಸರು. ಬರೆದವನ ಗಣಕದಲ್ಲಿಯೇ ಒಂದು ತಪಾಸಣೆ; ಅದನ್ನು ಒಂದೇ ಆಜ್ಞೆಯಿಂದ ತಪ್ಪಿಸಿ ಹೋಗಬಹುದಾದ್ದರಿಂದ ಕೇಂದ್ರ ಭಂಡಾರದ ಬಾಗಿಲಲ್ಲಿ ಮತ್ತೊಂದು.

"ಕನ್ನಡಕ್ಕೂ ಇದಕ್ಕೂ ಏನು ಸಂಬಂಧವಪ್ಪಾ?" ಎಂದೆ. ಅವನು 'ಗೋಪಾಲ' ಎಂದು ಎರಡು ಬಾರಿ ಬೆರಳಚ್ಚಿಸಿ ತೋರಿಸಿದ. ನನಗೆ ಭೇದ ಕಾಣಲಿಲ್ಲ. ಯೂನಿಕೋಡಿನಲ್ಲಿ 'ಗೋ' ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಒಕಾರಕ್ಕೆ ದೀರ್ಘಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಹುಡುಕಿದರೆ ಒಬ್ಬ ಗೋಪಾಲ ಸಿಗುತ್ತಾನೆ, ಮತ್ತೊಬ್ಬ ಕಾಣೆ. ಕೇಶಿರಾಜನೂ ಊಹಿಸದ ಅಪಶಬ್ದ! ಅದನ್ನು ಒಂದೇ ರೂಪಕ್ಕೆ ತರುವ ತಪಾಸಣೆಯನ್ನು ಇವನೇ ಬರೆದು ಬಾಗಿಲಿಗೆ ಸೇರಿಸಿದನಂತೆ.

"ಅದು ಬೈಯೂದಿಲ್ರಿ ಸರ್. ಎಷ್ಟನೇ ಸಾಲು ಅಂತ ಹೇಳ್ತದ, ಅಷ್ಟ."

ಅವನ ಮೊದಲ ವರ್ಷದ ಪ್ರಬಂಧದಲ್ಲಿದ್ದ ಊರ ಮಾತುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದವನು ನಾನು. ಅವನಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದ; ನಿಲ್ದಾಣದವರೆಗೂ ಜೊತೆಗೆ ಹೋದೆ.