ಫೋಟೋ ಚಂದ ಐತಿ, ದಾರಿ ಯಾವ ಕಡೆ?

ದೋಸ್ತ್ರ, ಫೋಟೋಕ್ಕ ಕ್ಯಾಪ್ಷನ್ ಬರೆಯೋ ಕೆಲಸ ಮೊಬೈಲ್ ಬಂದಮ್ಯಾಲ ಶುರುವಾತು ಅಂದ್ಕೊಂಡೀರೇನು? ಇನ್ನೂರು ವರ್ಷದ ಹಿಂದ ಲಂಡನ್ನಿನ ಒಬ್ಬ ಕೈದಿ ಇದನ್ನೇ ಮಾಡ್ತಿದ್ದ.

ಅವನ ಹೆಸರು ವಿಲಿಯಂ ಕೂಂಬ್. ಸಾಲ ತೀರಿಸಲಾಗದೆ ಕಿಂಗ್ಸ್ ಬೆಂಚ್ ಜೈಲಿನ ಪಾಲಾದವನು. 1809ರಿಂದ ತಿಂಗಳಿಗೊಂದು ಚಿತ್ರ ಅವನ ಕೈ ಸೇರುತ್ತಿತ್ತು. ಬಿಡಿಸಿದವನು ಥಾಮಸ್ ರೋಲಂಡ್‌ಸನ್. ಚಿತ್ರ ನೋಡಿ ಕೂಂಬ್ ಪದ್ಯ ಬರೀಬೇಕು. ಮುಂದಿನ ತಿಂಗಳು ಯಾವ ಚಿತ್ರ ಬರ್ತೈತಿ ಅನ್ನೋದೂ ಗೊತ್ತಿಲ್ಲ! ಹಂಗ ಹುಟ್ಟಿದ ಡಾಕ್ಟರ್ ಸಿಂಟ್ಯಾಕ್ಸ್ ಕಥೆ 1812ರಲ್ಲಿ ಪುಸ್ತಕವಾಯಿತು.

ಸಿಂಟ್ಯಾಕ್ಸ್ ಬಡ ಪಾದ್ರಿ, ಶಾಲಾ ಮಾಸ್ತರ. ಊರೂರು ತಿರುಗಿ, ಚಿತ್ರ ಬಿಡಿಸಿ, ಪುಸ್ತಕ ಮಾರಿ ರೊಕ್ಕ ಮಾಡಬೇಕಂತ ಬಡಕಲು ಕುದುರೆ ಏರಿ ಹೊರಡ್ತಾನ. ಕಳ್ಳರು ಅವನನ್ನ ಗಿಡಕ್ಕ ಕಟ್ಟಿಹಾಕ್ತಾರ. ಚಿತ್ರ ಬಿಡಿಸ್ತಾ ಬಿಡಿಸ್ತಾ ನೀರಿಗೇ ಬೀಳ್ತಾನ.

ಜನ ಯಾಕ ನಕ್ಕರು? ನೆಪೋಲಿಯನ್ ಯುದ್ಧದಿಂದ ಯುರೋಪಿನ ದಾರಿ ಮುಚ್ಚಿದಾಗ ಅನುಕೂಲಸ್ಥ ಇಂಗ್ಲಿಷರು ತಮ್ಮದೇ ನಾಡಿನ ಗುಡ್ಡ, ನದಿ ನೋಡಾಕ ಮುಗಿಬಿದ್ದಿದ್ದರು. ಯಾವ ನೋಟ ‘ಚಿತ್ರದಂಗ’ ಐತಿ ಅಂತ ಕಲಿಸಾಕ ವಿಲಿಯಂ ಗಿಲ್ಪಿನ್ ಅನ್ನೋರ ಪುಸ್ತಕಗಳಿದ್ದವು. ಟಿಂಟರ್ನ್‌ನ ಪಾಳುಬಿದ್ದ ಮಠದ ಗೋಡೆಯನ್ನ ಸುತ್ತಿಗೆಯಿಂದ ಒಂಚೂರು ಸರಿಮಾಡಿದ್ರ ಇನ್ನೂ ಚಂದ ಕಾಣ್ತೈತಿ ಅಂತ 1782ರಲ್ಲಿ ಬರೆದ ಮಹಾನುಭಾವ. ಅವತ್ತಿನ ಎಡಿಟಿಂಗ್ ಆ್ಯಪ್ ಅಂದ್ರ ಸುತ್ತಿಗಿ!

ನನಗ ಭಾಳ ಸೇರಿದ್ದು ಇದು: ಸಿಂಟ್ಯಾಕ್ಸ್ ದಾರಿ ತಪ್ಪಿ ಒಂದು ಕೈಕಂಬದ ಮುಂದ ನಿಲ್ತಾನ. ಅದರ ಮ್ಯಾಲಿನ ಅಕ್ಷರ ಅಳಿಸಿಹೋಗ್ಯಾವ. ದಾರಿ ಹುಡುಕೋದು ಬಿಟ್ಟು ಆ ಕಂಬದ್ದೇ ಚಿತ್ರ ಬಿಡಿಸಾಕ ಕೂಡ್ತಾನ. ಅಲ್ಲಿ ಇಲ್ಲದ್ದನ್ನೂ ಸೇರಿಸ್ತಾನ.

ಈಗ ನಮ್ಮ ಕಡೆ ನೋಡ್ರಿ. ಗಜೇಂದ್ರಗಡದ ಗುಡ್ಡದ ಮ್ಯಾಲ ಗಾಳಿಯಂತ್ರ, ಕಾಲಕಾಲೇಶ್ವರ, ಸೂಡಿಯ ನಾಗಕುಂಡ. ರೀಲ್ಸ್‌ಗೆ ಬರಗಾಲ ಇಲ್ಲ. ಆದ್ರ ಕ್ಯಾಪ್ಷನ್? ಒಂದು ಹೃದಯ, ಒಂದು ಬೆಂಕಿ, ‘ಸ್ವರ್ಗ’. ಮುಗೀತು. ಗಜೇಂದ್ರಗಡದ ಹೆಸರಿನಲ್ಲೇ 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದ ಆಗಿತ್ತು ಅಂತ ಯಾರು ಬರೀತಾರ? ಚಾಲುಕ್ಯರ ಕಾಲದಾಗ ಸೂಡಿಯಲ್ಲಿ ನಾಣ್ಯದ ಟಂಕಸಾಲೆ ಇತ್ತು. ಬಿಕಾಂ ಓದೋ ನಾವಾದ್ರೂ ಬರೀಬೇಕಲ್ಲ? ನೇಕಾರರ ಮಗ್ಗ ಯಾಕ ಫ್ರೇಮಿನ ಹೊರಗ?

ಫೋಟೋ ತೆಗೀಬ್ಯಾಡ್ರಿ ಅಂತ ಅಲ್ಲ. ಕೂಂಬ್ ಕೈದಿ, ಹೋಗಿ ನೋಡೋ ಹಂಗಿರಲಿಲ್ಲ. ನಮಗೇನು ಅಡ್ಡಿ? ಅಲ್ಲೇ ಕುಂತ ಅಜ್ಜನ್ನ ಒಂದು ಮಾತು ಕೇಳಾಕ ಡೇಟಾ ಪ್ಯಾಕ್ ಬೇಕಾಗಿಲ್ಲ.

ಲಕ್ಕಲಕಟ್ಟಿಯಂಥ ಊರಿನ ಬಗ್ಗೆ ಹೊರಗಿನವರು ಬಂದು ಬರೀತಾರ ಅಂತ ಕಾಯಬ್ಯಾಡ್ರಿ. ನಾಳೆ ಯಾರರ ಹುಡುಕಿದ್ರ ನಮ್ಮ ಕ್ಯಾಪ್ಷನ್ನೇ ಅವರಿಗೆ ಕೈಕಂಬ. ಅದರ ಮ್ಯಾಲ ಅಕ್ಷರ ಇರಬೇಕೋ ಬ್ಯಾಡೋ?

ನಿಮ್ಮ ಗ್ಯಾಲರಿಯಿಂದ ನಮ್ಮ ಭಾಗದ ಒಂದು ಫೋಟೋ ಆರಿಸ್ರಿ. ಅದರಾಗ ಕಾಣದ ಒಂದು ನಿಜಸಂಗತಿ ಬರದು ಹಾಕ್ರಿ, ನನ್ನನ್ನ ಟ್ಯಾಗ್ ಮಾಡ್ರಿ. ಎಲ್ಲಾ ಸ್ಟೋರಿಗೆ ಏರಸ್ತೀನಿ.

#ಲಕ್ಕಲಕಟ್ಟಿ #ಗಜೇಂದ್ರಗಡ #ನೋಡಿಬರೀರಿ