ಮರುಪ್ರಶ್ನೆಯ ಹಕ್ಕು

1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮಾಚಾರು ಗೋಪಾಲ ನಾಯ್ಕರು ಸಿರಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅನೆಲಿ ಹಾಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿಕೊಂಡರು. ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿ, 15,683 ಸಾಲುಗಳ ಆ ತುಳು ಮಹಾಕಾವ್ಯವನ್ನು 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಹೊರತಂದರು. ಆ ಪುಸ್ತಕದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರಿದೆ. ಕಾವ್ಯ ಯಾರದು ಎಂಬುದು ಮುಖಪುಟದಲ್ಲೇ ತೀರ್ಮಾನವಾಗಿಬಿಟ್ಟಿದೆ.

ಇನ್ನು ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ರಟ್ಟು ಕಟ್ಟಿಸಿ ಇಟ್ಟಿರುವ ಜಾನಪದದ ಮಹಾಪ್ರಬಂಧಗಳನ್ನು ತೆರೆದು ನೋಡಿ. ಹಾಡಿದವರು, ಕಥೆ ಹೇಳಿದವರು, ಮದ್ದಿನ ಗಿಡ ತೋರಿಸಿಕೊಟ್ಟವರು ಹೆಚ್ಚಾಗಿ ಸಿಗುವುದು ಕೊನೆಯ ಅನುಬಂಧದಲ್ಲಿ: ‘ವಕ್ತೃಗಳ ಪಟ್ಟಿ’ ಎಂಬ ತಲೆಬರಹದ ಕೆಳಗೆ ಹೆಸರು, ವಯಸ್ಸು, ಜಾತಿ, ಊರು. ಗೈಡ್ ಅವರ ಮನೆಯವರಿಗೂ ಕೃತಜ್ಞತೆಯ ಪುಟದಲ್ಲಿ ಜಾಗವಿರುತ್ತದೆ. ಹಾಡಿದವಳಿಗೆ ಮಾತ್ರ ತನ್ನ ಹಾಡಿನ ಮೇಲೆ ಏನು ಬರೆದರು ಎಂಬುದು ಗೊತ್ತಾಗುವುದೇ ಇಲ್ಲ. ‘ನಾನು ಹೇಳಿದ್ದು ಹಾಗಲ್ಲವಲ್ಲ’ ಎಂದು ಕೇಳಬೇಕೆಂದರೂ ಎಲ್ಲಿಗೆ ಹೋಗಿ ಕೇಳಬೇಕು?

ಹೆಸರು ಹಾಕಿದರೆ ಋಣ ಮುಗಿಯಿತೆಂದೂ ಅಲ್ಲ. ಸಿರಿಯ ಆ ಸಂಪುಟಗಳಲ್ಲಿ ತುಳು ಪಾಠ ರೋಮನ್ ಅಕ್ಷರದಲ್ಲಿದೆ, ಅನುವಾದ ಇಂಗ್ಲಿಷಿನಲ್ಲಿದೆ. ಜಗತ್ತಿನ ವಿದ್ವಾಂಸರಿಗೆ ತೆರೆದ ಆ ಪುಸ್ತಕವನ್ನು ಮಾಚಾರಿನ ನೆರೆಮನೆಯವರು ಓದುವುದು ಸುಲಭವಲ್ಲ. ಸಂಶೋಧನೆಯನ್ನು ಮುಕ್ತಗೊಳಿಸಬೇಕು, ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿರುವಾಗ ಈ ಪತ್ರಿಕೆ ಹೇಳಬಯಸುವುದು ಇಷ್ಟೇ: ಬಾಗಿಲು ತೆರೆದಿದೆಯೇ ಎಂದು ನೋಡಿದರೆ ಸಾಲದು, ಒಳಗೆ ಬಂದವರಿಗೆ ಮರುಪ್ರಶ್ನೆ ಹಾಕುವ ಹಕ್ಕಿದೆಯೇ ಎಂದು ನೋಡಬೇಕು.

ಸರ್ಕಾರ ಬಾಗಿಲು ತೆರೆಯುತ್ತಿಲ್ಲವೆಂದಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಇದು ಚಿಕ್ಕ ಸಂಗತಿಯಲ್ಲ. ಆದರೆ ಈ ಚಂದಾ ಇರುವುದು ಸಂಸ್ಥೆಗೆ, ಓದುಗನಿಗಲ್ಲ. ಖಾಸಗಿ ಕಾಲೇಜಿನ ಅಧ್ಯಾಪಕಿ, ನಿವೃತ್ತ ಶಿಕ್ಷಕ, ಹವ್ಯಾಸಿ ಶಾಸನ ಸಂಶೋಧಕ ಇದರ ಹೊರಗೇ ಉಳಿಯುತ್ತಾರೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದಾಗ ಧಾರವಾಡದ ವಿಶ್ವವಿದ್ಯಾಲಯ ಹುಟ್ಟುವುದಕ್ಕೇ ಇನ್ನೂ 26 ವರ್ಷ ಬೇಕಿತ್ತು. ಇವತ್ತು ಅಂಥ ಒಬ್ಬ ವಕೀಲರಿದ್ದರೆ ಅವರಿಗೆ ಪಾಸ್‌ವರ್ಡ್ ಸಿಗುವುದಿಲ್ಲ.

ನಾವೇ ಬರೆದದ್ದಾದರೂ ನಮಗೆ ಸಿಗುತ್ತದೆಯೇ? ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿತು. ಅದರಿಂದ ಬೆಳೆದ ‘ಶೋಧಗಂಗಾ’ದಲ್ಲಿ ಈಗ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಕನ್ನಡದ ಎಷ್ಟೋ ಪ್ರಬಂಧಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾಗಿ ಪಿಡಿಎಫ್ ಆದವು, ಇಲ್ಲವೇ ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಏರಿಸಿದವು. ಯುನಿಕೋಡ್ ಇಲ್ಲದ್ದರಿಂದ ಪ್ರಬಂಧದ ಒಳಗೆ ‘ಕಂಸಾಳೆ’ ಎಂದು ಹುಡುಕಿದರೆ ಏನೂ ಸಿಗದು. ಒಂದು ವಾಕ್ಯ ನಕಲು ಮಾಡಿಕೊಂಡರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದು ಬೀಳುತ್ತವೆ. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ, ಜಾಗದ ಗುರುತು ಅಳಿಸಿದ ಹಾಗೆ. ಇದನ್ನು ಸರಿಪಡಿಸಲು ಸಿದ್ಧಾಂತ ಬೇಕಿಲ್ಲ. ಯುನಿಕೋಡಿನಲ್ಲಿ ಇಲ್ಲದ ಪ್ರಬಂಧವನ್ನು ಸ್ವೀಕರಿಸುವುದಿಲ್ಲ ಎಂದು ಕುಲಸಚಿವರ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.

ಬಾಗಿಲಿನ ವಿಷಯ ಬಂದಾಗ ಬೆಂಗಳೂರಿನದೇ ಎರಡು ಪ್ರಸಂಗಗಳಿವೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದ ಕಮಲಾ ಭಾಗವತ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಹಟ ಬಿಡಲಿಲ್ಲ. ಷರತ್ತಿನ ಮೇಲೆ ಒಳಗೆ ಬಂದು, ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು ಕಮಲಾ ಸೊಹೋನಿ ಎಂದು ಹೆಸರಾದರು. ಅದೇ ಸಂಸ್ಥೆಯ ರಾಮನ್ ಪ್ರಯೋಗಾಲಯದಲ್ಲಿ ದುಡಿದ ಅನ್ನಾ ಮಣಿ ಐದು ಪ್ರಬಂಧಗಳನ್ನು ಪ್ರಕಟಿಸಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ಬರಲಿಲ್ಲ. ಒಬ್ಬರನ್ನು ಒಳಗೆ ಬರುವಾಗ ತಡೆದರು, ಇನ್ನೊಬ್ಬರನ್ನು ಕೆಲಸ ಮುಗಿಸಿದ ಮೇಲೆ.

ಇವತ್ತು ತಡೆಗಳಿಗೆ ಅಷ್ಟು ಒರಟು ಮುಖವಿಲ್ಲ. ಮಹಿಳೆಯರಿಗೆ, ಅಂಗವಿಕಲರಿಗೆ ಪಿಎಚ್.ಡಿ. ಮುಗಿಸಲು ಎರಡು ವರ್ಷದ ಹೆಚ್ಚಿನ ಅವಧಿ, ಮಹಿಳೆಯರಿಗೆ 240 ದಿನಗಳ ಹೆರಿಗೆ ಹಾಗೂ ಶಿಶುಪಾಲನಾ ರಜೆ ನಿಯಮದಲ್ಲೇ ಇವೆ. ಜಾತಿ ತಾರತಮ್ಯದ ದೂರು ಕೇಳಲು ಪ್ರತಿ ವಿಶ್ವವಿದ್ಯಾಲಯದಲ್ಲೂ ಒಬ್ಬ ಅಧಿಕಾರಿ, ಸಮಾನ ಅವಕಾಶದ ಒಂದು ಘಟಕ ಇರಬೇಕೆಂದು ಯುಜಿಸಿ 2012ರಲ್ಲಿ ಹೇಳಿತು. ಆ ನಿಯಮ ಬಂದು ಸುಮಾರು ಮೂರು ವರ್ಷವಾದಾಗ, 2016ರ ಜನವರಿ 17ರಂದು, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನಾರ್ಥಿ ರೋಹಿತ್ ವೇಮುಲ ತೀರಿಕೊಂಡರು. ಅವರ ಫೆಲೋಶಿಪ್ ತಿಂಗಳುಗಳಿಂದ ನಿಂತಿತ್ತು, ಹಾಸ್ಟೆಲಿನಿಂದ ಅವರನ್ನು ಹೊರಹಾಕಲಾಗಿತ್ತು. ನಿಯಮ ಪುಸ್ತಕದಲ್ಲಿದ್ದೂ ಜೀವ ಉಳಿಯಲಿಲ್ಲ ಎಂಬುದನ್ನು ಯಾವ ಕುಲಪತಿಯೂ ಮರೆಯಬಾರದು.

ದುಡ್ಡಿನ ಮಾತನ್ನು ನಾವು ಸಂಕೋಚದಿಂದ ಬದಿಗಿಡುತ್ತೇವೆ. ಜೆಆರ್‌ಎಫ್ ಫೆಲೋಶಿಪ್ ಪಡೆದ ಸಂಶೋಧನಾರ್ಥಿಗಳಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ದಕ್ಕದವರಲ್ಲಿ ಎಷ್ಟೋ ಮಂದಿ ಅತಿಥಿ ಉಪನ್ಯಾಸಕರಾಗಿ ಊರೂರು ಅಲೆಯುತ್ತ, ಬಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡು ಸಂಶೋಧನೆ ನಡೆಸುತ್ತಾರೆ. ಮನೆಯಲ್ಲಿ ಮೊದಲು ಓದಿದವರಿಗೆ ಕ್ಷೇತ್ರಕಾರ್ಯದ ಖರ್ಚೇ ವಿಷಯವನ್ನು ಆರಿಸಿಕೊಡುತ್ತದೆ. ‘ಇಂಥವರ ಕಾದಂಬರಿಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆಗಳನ್ನು ಕಂಡು ನಗುವವರು, ಆ ವಿಷಯಕ್ಕೆ ಊರು ಬಿಟ್ಟು ಹೋಗುವ ಖರ್ಚಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಷಯಗಳು ಸಪ್ಪೆಯಾಗಲು ಇನ್ನೊಂದು ಕಾರಣ ಭಯ. ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನ ಲೇಖನಗಳ ಸಂಕಲನ ‘ಮಾರ್ಗ’ದ ಮೊದಲ ಸಂಪುಟದ ಬರಹಗಳಿಗಾಗಿ ಒತ್ತಡಕ್ಕೆ ಸಿಕ್ಕಿ, 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅದೇ ವಿದ್ವಾಂಸ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಆಕರಗಳನ್ನು ಮುಂದಿಟ್ಟು ಬರೆದವರಿಗೆ ಆಕರಗಳಿಂದಲೇ ಉತ್ತರ ಕೊಡುವ ಸಮಾಜವಿಲ್ಲದಿದ್ದರೆ, 25 ವರ್ಷದ ಸಂಶೋಧನಾರ್ಥಿ ಮಠ, ಜಾತಿ, ದೇವಸ್ಥಾನದ ಆಸ್ತಿಯಂಥ ವಿಷಯಗಳನ್ನು ಮುಟ್ಟಲು ಯಾಕೆ ಮುಂದೆ ಬಂದಾನು?

ಈ ಭಯ ಹೊರಗಿನದು. ಒಳಗಿನದು ಗೈಡ್ ಅವರದು. ಅರ್ಜಿಯಿಂದ ಹಿಡಿದು ಪ್ರಗತಿ ವರದಿ, ಫೆಲೋಶಿಪ್ಪಿನ ಪತ್ರದವರೆಗೆ ಎಲ್ಲಕ್ಕೂ ಒಬ್ಬರದೇ ಸಹಿ ಬೇಕಾದಾಗ, ಆ ಒಬ್ಬರು ಎಷ್ಟೇ ಸಜ್ಜನರಾಗಿದ್ದರೂ ಅವರ ಅಭಿಪ್ರಾಯಕ್ಕೆ ಎದುರಾಡುವುದು ವಿದ್ಯಾರ್ಥಿಗೆ ದುಬಾರಿ. ಒಳ್ಳೆಯ ಗೈಡ್ ಸಿಕ್ಕವರು ಪುಣ್ಯವಂತರು. ಆದರೆ ಪುಣ್ಯದ ಮೇಲೆ ಒಂದು ವ್ಯವಸ್ಥೆ ನಿಲ್ಲಬಾರದು. ಇದಕ್ಕೂ ಪರಿಹಾರ ನಿಯಮದಲ್ಲಿದೆ. 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾರ್ಥಿ ಸಲಹಾ ಸಮಿತಿಯ ಮುಂದೆ ಕೆಲಸ ಮಂಡಿಸಬೇಕು. ವೈವಾ ಕೂಡ ಮುಚ್ಚಿದ ಕೋಣೆಯದಲ್ಲ. ಅಧ್ಯಾಪಕರು, ಸಂಶೋಧನಾರ್ಥಿಗಳು, ವಿದ್ಯಾರ್ಥಿಗಳು ಅದಕ್ಕೆ ಬರಬಹುದು. ಆದರೆ ಸಮಿತಿಯ ಸಭೆ ಸಹಿ ಹಾಕುವಲ್ಲಿಗೆ ಮುಗಿದರೆ, ವೈವಾದ ಸೂಚನೆ ವಿಭಾಗದ ಫಲಕದಲ್ಲಿ ಹಿಂದಿನ ದಿನವಷ್ಟೇ ಕಾಣಿಸಿದರೆ, ಬಂದವರು ಹಾರ ಹಾಕಿ ಊಟ ಮಾಡಿ ಹೋದರೆ, ಬಹಿರಂಗವೆಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಅದೇ ನಿಯಮಾವಳಿ, ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿತು. ಆ ಕಡ್ಡಾಯದ ನೆರಳಿನಲ್ಲಿ ದುಡ್ಡು ಕಟ್ಟಿದವರ ಲೇಖನವನ್ನೆಲ್ಲ ಹಾಕುವ ಪತ್ರಿಕೆಗಳು ಹುಟ್ಟಿಕೊಂಡಿದ್ದವು. ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಯನ್ನು ಗುರುತಿಸುವ ಒಂದು ಸಂಖ್ಯೆಯಷ್ಟೇ. ನಮ್ಮಲ್ಲಿ ಅದು ಗುಣಮಟ್ಟದ ಮುದ್ರೆಯಂತೆ ಚಲಾವಣೆಗೆ ಬಂತು. ಯಾರೂ ಓದದ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ. ನಷ್ಟವಾದದ್ದು ಅಲ್ಲಿ.

ಮುಕ್ತವಾದರೆ ಗುಣಮಟ್ಟ ಇಳಿಯುತ್ತದೆ ಎಂದು ಆತಂಕಪಡುವ ಹಿರಿಯರಿದ್ದಾರೆ. ಎಲ್ಲರ ಅಭಿಪ್ರಾಯವೂ ಸಮಾನವೆಂದು ನಾವು ಹೇಳುತ್ತಿಲ್ಲ. ಶಾಸನದ ಪಾಠ ಸರಿಯೋ ತಪ್ಪೋ ಎಂಬುದನ್ನು ಕೈ ಎತ್ತಿಸಿ ತೀರ್ಮಾನಿಸಲಾಗದು. ಆದರೆ ಶಾಸನವಿರುವ ಊರಿನವರು ಸ್ಥಳದ ಹೆಸರು, ಹೊಲದ ಗಡಿ, ಕೆರೆಯ ಕೋಡಿ ಎಲ್ಲಿತ್ತು ಎಂಬುದನ್ನು ತಿದ್ದಬಲ್ಲರು. ಹಾಗೆ ತಿದ್ದಿಸಿಕೊಂಡ ಪ್ರಬಂಧ ಗಟ್ಟಿಯಾಗುತ್ತದೆಯೇ ಹೊರತು ಜೊಳ್ಳಾಗುವುದಿಲ್ಲ.

ಇದು ನಮಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಒಂದು ಕಾಲದಲ್ಲಿ ಊರುಗಳಿಗೆ ಹೋಗಿ, ವಿಜ್ಞಾನದಿಂದ ಕಾವ್ಯದವರೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಪ್ರಚಾರೋಪನ್ಯಾಸ ಮಾಲೆಯ ಪುಟ್ಟ, ಅಗ್ಗದ ಪುಸ್ತಕಗಳು ಹೀಗೆ ಬಂದವು. ಉಪನ್ಯಾಸ ಮುಗಿದ ಮೇಲೆ ಎದ್ದು ನಿಂತು ಪ್ರಶ್ನೆ ಕೇಳಲು ಪದವಿ ಬೇಕಿರಲಿಲ್ಲ. ಇಂದಿನ ಪ್ರಸಾರಾಂಗಗಳು ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಪ್ರತಿ ಮಹಾಪ್ರಬಂಧದ ಜೊತೆ, ಅದು ಯಾವ ಭಾಷೆಯದೇ ಆಗಿರಲಿ, ಯಾವ ಶಾಸ್ತ್ರದ್ದೇ ಆಗಿರಲಿ, ಹತ್ತು ಪುಟದ ಕನ್ನಡ ಸಾರಾಂಶ ಇರಲಿ. ವೈವಾದ ಸೂಚನೆ ಹದಿನೈದು ದಿನ ಮೊದಲೇ ಹೊರಬೀಳಲಿ. ಸಂಶೋಧನೆಗೆ ಒಳಗಾದ ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಹೋಗಲಿ. ಇವುಗಳಿಗೆ ಕೋಟಿಗಳ ಅನುದಾನ ಬೇಕಿಲ್ಲ.

ಬೇರೆಯವರಿಗೆ ಹೇಳಿದ್ದನ್ನು ನಾವೂ ಮಾಡಬೇಕಲ್ಲ. ಮುಂದಿನ ಸಂಚಿಕೆಯಿಂದ ನಮ್ಮಲ್ಲಿ ಪ್ರಕಟವಾಗುವ ಸಂಶೋಧನ ಲೇಖನಗಳಲ್ಲಿ ಹಾಡಿದವರ, ಹೇಳಿದವರ ಹೆಸರು ಅವರ ಒಪ್ಪಿಗೆಯಿದ್ದರೆ ಮೊದಲ ಪುಟದಲ್ಲೇ ಬರುತ್ತದೆ. ಲೇಖನದ ಪ್ರತಿಯನ್ನು ಅವರಿಗೆ ನಾವೇ ಅಂಚೆಯಲ್ಲಿ ಕಳಿಸುತ್ತೇವೆ. ಓದಲು ಬಾರದವರಿಗೆ ಓದಿ ಹೇಳುವ ಹೊಣೆ ಲೇಖಕರದು. ಅವರಾಗಲಿ, ಬೇರೆ ಓದುಗರಾಗಲಿ ಆಧಾರ ಕೊಟ್ಟು ಆಕ್ಷೇಪಿಸಿದರೆ ಅದು ಓದುಗರ ಪತ್ರಗಳ ಮೂಲೆಗೆ ಹೋಗುವುದಿಲ್ಲ. ಲೇಖನ ಬಂದ ಜಾಗದಲ್ಲೇ, ಲೇಖಕರ ಉತ್ತರದೊಡನೆ ಅಚ್ಚಾಗುತ್ತದೆ.